ಸ್ವಂತ ಚಿತ್ತವನ್ನು ದೇವರ ಕರೆಗೆ ಒಪ್ಪಿಸಿಕೊಡುವುದು ಹೇಗೆ? ವಿಶ್ವಾಸಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

“ನಿನ್ನ ಚಿತ್ತವು ನೆರವೇರಲಿ” ಎಂಬ ಮಾತನ್ನು ನಾವು ಭಾನುವಾರದ ಆರಾಧನೆಯಲ್ಲಿಯೂ ಮನೆಯ ಸಂಜೆ ಪ್ರಾರ್ಥನೆಯಲ್ಲಿಯೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತೇವೆ. ಅದೇ ಮಾತನ್ನು ಗೆತ್ಸೇಮನೆಯಲ್ಲಿ ಹೇಳುವುದಕ್ಕೆ ಯೇಸು ಸ್ವಾಮಿ ಮೂರು ಸಲ ಮೊಣಕಾಲೂರಬೇಕಾಯಿತು. ಅವರ ಬೆವರು ನೆಲಕ್ಕೆ ಬೀಳುವ ರಕ್ತದ ದೊಡ್ಡ ಹನಿಗಳಂತಿತ್ತೆಂದು ಲೂಕನು ಬರೆದಿದ್ದಾನೆ. ಗೆತ್ಸೇಮನೆ ಎಂದರೆ ಎಣ್ಣೆ ಹಿಂಡುವ ಗಾಣ. ಆ ಹೆಸರು ಆ ರಾತ್ರಿಗೆ ಎಷ್ಟು ಹೊಂದುತ್ತದೆಂಬುದು ಯಾವುದಾದರೊಂದು ಕರೆಯ ಮುಂದೆ ನಿಂತು ಮನಸ್ಸು ಹಿಂಡಿಹೋದವರಿಗೆ ತಿಳಿದಿರುತ್ತದೆ.

ಅಂಥವರಿಗಾಗಿಯೇ ಈ ಬರಹ. ಉದ್ಯೋಗ ಬಿಟ್ಟು ಪೂರ್ಣಾವಧಿ ಸೇವೆಗೆ ಹೋಗಬೇಕೆಂಬ ಭಾರ ನಿಮ್ಮ ಮೇಲಿರಬಹುದು, ಹಾಸಿಗೆ ಹಿಡಿದ ತಂದೆಯ ಬಳಿ ಉಳಿಯಲು ವಿದೇಶದ ಕೆಲಸವನ್ನು ಕೈಬಿಡಬೇಕೆಂದು ಅನಿಸುತ್ತಿರಬಹುದು, ಅಥವಾ ಸಭೆಯವರು ನಿಮಗೆ ಇಷ್ಟವಿಲ್ಲದ ಒಂದು ಜವಾಬ್ದಾರಿಯನ್ನು ವಹಿಸಿಕೊಳ್ಳಲು ಕೇಳಿರಬಹುದು. ಸಂಗತಿ ಯಾವುದಾದರೂ ಮುಂದಿನ ಹೆಜ್ಜೆಗಳು ಹೆಚ್ಚುಕಡಿಮೆ ಒಂದೇ. ಇವನ್ನು ಒಂದು ವಾರದಲ್ಲಿ ಮುಗಿಸಲು ಹೋಗಬೇಡಿರಿ. ಎರಡು ಮೂರು ತಿಂಗಳು ಹಿಡಿದರೂ ತಡವಾಯಿತೆಂದು ಭಾವಿಸಬೇಡಿರಿ.

ಮೊದಲನೆಯ ಹೆಜ್ಜೆ: ನಿಮ್ಮ ಚಿತ್ತವೇನೆಂದು ಬರೆದು ನೋಡಿರಿ

ಸಮರ್ಪಣೆಯ ಕುರಿತು ನಾವು ಕೇಳುವ ಅನೇಕ ಪ್ರಸಂಗಗಳು ಈ ಹೆಜ್ಜೆಯನ್ನು ದಾಟಿಕೊಂಡು ಹೋಗುತ್ತವೆ. “ನನಗೆ ಯಾವ ಆಸೆಯೂ ಇಲ್ಲ, ಎಲ್ಲವೂ ದೇವರದೇ” ಎಂದು ಹೇಳುವುದು ಭಕ್ತಿಯಂತೆ ತೋರುತ್ತದೆ. ಆದರೆ ಯೇಸು ಸ್ವಾಮಿ ಹಾಗೆ ಪ್ರಾರ್ಥಿಸಲಿಲ್ಲ. ಸಾಧ್ಯವಾದರೆ ಈ ಪಾತ್ರೆಯು ನನ್ನನ್ನು ಬಿಟ್ಟು ಹೋಗಲಿ ಎಂದು ಅವರು ಮೊದಲು ತಮ್ಮ ಮನಸ್ಸನ್ನು ತಂದೆಯ ಮುಂದೆ ತೆರೆದಿಟ್ಟರು. ತಮ್ಮ ಚಿತ್ತದಂತಲ್ಲ, ತಂದೆಯ ಚಿತ್ತದಂತೆ ಆಗಲೆಂಬ ಮಾತು ಅದರ ನಂತರ ಬಂತು. ಈ ಕ್ರಮವನ್ನು ತಲೆಕೆಳಗು ಮಾಡಬಾರದೆಂಬುದೇ ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳಬೇಕಾಗಿರುವುದು. ನಮ್ಮ ಬಯಕೆ ಏನೆಂದು ನಮಗೇ ತಿಳಿಯದಿದ್ದರೆ ನಾವು ಒಪ್ಪಿಸುವುದಾದರೂ ಏನನ್ನು?

ಆದಕಾರಣ ಒಂದು ಹಾಳೆ ತೆಗೆದುಕೊಳ್ಳಿರಿ. ಯಾರೂ ಏಳದ ಬೆಳಗಿನ ಹೊತ್ತಿನಲ್ಲಿ ಕುಳಿತು, ಈ ಕರೆಯ ವಿಷಯದಲ್ಲಿ ನಿಮಗೆ ಬೇಕಾದದ್ದು ಏನು, ಬೇಡವಾದದ್ದು ಏನು, ಹೆದರಿಕೆ ಯಾವುದರ ಬಗ್ಗೆ ಎಂಬುದನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ಪ್ರಾರ್ಥನೆಯ ಭಾಷೆ ಬೇಡ, ದಿನವೂ ಆಡುವ ಮಾತಿನಲ್ಲಿ ಬರೆದರೆ ಸಾಕು.

ಹಲವು ವರ್ಷಗಳ ಹಿಂದೆ ಒಂದು ಹಳ್ಳಿಯಲ್ಲಿ ಮಕ್ಕಳ ಬೋರ್ಡಿಂಗ್ ನೋಡಿಕೊಳ್ಳಲು ಬರಬೇಕೆಂದು ಸಭೆಯ ಹಿರಿಯರು ನನ್ನನ್ನು ಕೇಳಿದಾಗ, ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ನಾನು ಬರೆದದ್ದು ನಾಲ್ಕೇ ಸಾಲು. ಧಾರವಾಡದ ಮನೆಯ ಕೆಲಸ ಈಗ ತಾನೇ ಮುಗಿದಿದೆ. ಮಗಳು ಏಳನೆಯ ತರಗತಿಯಲ್ಲಿದ್ದಾಳೆ, ಶಾಲೆ ಬದಲಿಸಲು ಇದು ಸಮಯವಲ್ಲ. ಆ ಊರಿನಲ್ಲಿ ಬೇಸಿಗೆಯಲ್ಲಿ ನೀರು ಸಿಗುವುದಿಲ್ಲ. ಅಲ್ಲಿ ನಾನು ಮಾಡುವ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಮೊದಲ ಮೂರು ಸಾಲುಗಳನ್ನು ನಾನು ಆಗಲೇ ಮನೆಯಲ್ಲಿಯೂ ಹಿರಿಯರ ಮುಂದೆಯೂ ಹೇಳಿ ಆಗಿತ್ತು. ನಾಲ್ಕನೆಯದನ್ನು ಯಾರಿಗೂ ಹೇಳಿರಲಿಲ್ಲ. ಬರೆಯುವ ತನಕ ಅದು ನನ್ನೊಳಗೆ ಇದೆಯೆಂಬುದೇ ನನಗೆ ಗೊತ್ತಿರಲಿಲ್ಲ. ಹೆಂಡತಿ ಆ ಹಾಳೆಯನ್ನು ಓದಿ, “ಮನೆ, ಶಾಲೆ, ನೀರು, ಈ ಮೂರನ್ನು ನಾವಿಬ್ಬರೂ ಸೇರಿ ನೋಡಿಕೊಳ್ಳೋಣ. ಕೊನೆಯದನ್ನು ಮಾತ್ರ ನೀವೇ ದೇವರ ಹತ್ತಿರ ಮಾತಾಡಬೇಕು” ಎಂದಳು. ನಿಮ್ಮ ಹಾಳೆಯಲ್ಲಿಯೂ ಅಂಥದೊಂದು ಸಾಲು ಇದ್ದೇ ಇರುತ್ತದೆ. ಅದು ಬರುವವರೆಗೂ ಬರೆಯುತ್ತಿರಿ.

ಹಾಳೆಯ ಮೇಲೆ ತಾರೀಖು ಹಾಕಿ ಸತ್ಯವೇದದೊಳಗೆ ಇಟ್ಟುಕೊಳ್ಳಿರಿ. ಮುಂದೆ ಅದು ಬೇಕಾಗುತ್ತದೆ.

ಎರಡನೆಯ ಹೆಜ್ಜೆ: ಕೇಳಿಸಿದ್ದು ಯಾರ ದನಿಯೆಂದು ತಿಳಿದುಕೊಳ್ಳಿರಿ

ಬಾಲಕನಾದ ಸಮುವೇಲನು ಶಿಲೋವಿನ ಆಲಯದಲ್ಲಿ ದೇವರ ದನಿ ಕೇಳಿ, ಅದು ಏಲಿಯದೆಂದು ತಿಳಿದು, ಮೂರು ಸಲ ಎದ್ದು ಏಲಿಯ ಬಳಿಗೆ ಓಡಿಹೋದನು. ದೇವರ ಸನ್ನಿಧಿಯಲ್ಲಿಯೇ ಮಲಗಿದ್ದ ಹುಡುಗನಿಗೆ ದನಿಯ ಗುರುತು ಸಿಗಲಿಲ್ಲವೆಂದರೆ, ನಮಗೆ ತಕ್ಷಣ ಸಿಗದಿದ್ದರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಇಲ್ಲಿ ಮೊದಲು ಮಾಡಬೇಕಾದ ಕೆಲಸವೆಂದರೆ, ದೇವರ ಚಿತ್ತದ ಬಹುಪಾಲು ಆಗಲೇ ಬರೆದು ಕೊಡಲ್ಪಟ್ಟಿದೆಯೆಂಬುದನ್ನು ನೆನಪಿಗೆ ತಂದುಕೊಳ್ಳುವುದು. ನ್ಯಾಯವನ್ನು ಆಚರಿಸುವುದು, ಕರುಣೆಯಲ್ಲಿ ಆಸಕ್ತರಾಗಿರುವುದು, ದೇವರಿಗೆ ನಮ್ರರಾಗಿ ನಡೆದುಕೊಳ್ಳುವುದು ಎಂದು ಮೀಕನ ಪುಸ್ತಕದ ಆರನೆಯ ಅಧ್ಯಾಯ ಹೇಳುವ ಸಂಗತಿಗಳಿಗೆ ವಿಶೇಷ ಕರೆ ಬೇಕಿಲ್ಲ. ಮನೆಕೆಲಸದವಳಿಗೆ ಕೊಡಬೇಕಾದ ಸಂಬಳವನ್ನು ತಡೆದಿಟ್ಟುಕೊಂಡು, ದೇವರು ತನ್ನನ್ನು ಯಾವ ರಾಜ್ಯಕ್ಕೆ ಸೇವೆಗಾಗಿ ಕಳುಹಿಸುತ್ತಾರೆಂದು ಕೇಳುತ್ತಿರುವವರು ಮೊದಲು ಆ ಸಂಬಳವನ್ನು ಕೊಡಲಿ. ತಿಳಿದಿರುವ ಚಿತ್ತಕ್ಕೆ ವಿಧೇಯರಾಗದೆ ತಿಳಿಯದ ಚಿತ್ತವನ್ನು ಹುಡುಕುತ್ತಾ ಹೋದವರು ಗೊಂದಲಕ್ಕೆ ಸಿಕ್ಕಿಕೊಂಡದ್ದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಅದಾದ ಮೇಲೆ ನಿಮಗೆ ಬಂದ ವಿಶೇಷ ಕರೆಯನ್ನು ಪರೀಕ್ಷಿಸಿರಿ. ಸತ್ಯವೇದದ ಒಟ್ಟಾರೆ ಬೋಧನೆಗೆ ಅದು ವಿರುದ್ಧವಾಗಿದ್ದರೆ ಅಲ್ಲಿಗೇ ಬಿಟ್ಟುಬಿಡಬಹುದು. ವಿರುದ್ಧವಾಗಿಲ್ಲದಿದ್ದರೆ, ಅದು ಒಂದು ಕೂಟದ ಹಾಡಿನ ಉತ್ಸಾಹದಲ್ಲಿ ಮಾತ್ರ ಬಂದದ್ದೋ, ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ನಿಂತಿರುವಾಗಲೂ ಉಳಿದಿದೆಯೋ ಎಂದು ಕೆಲವು ವಾರ ಗಮನಿಸಿರಿ. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಎತ್ತಿಕೊಳ್ಳುವ ವಾಗ್ದಾನದ ಕಾರ್ಡು ಹೊಸ ವರ್ಷಕ್ಕೆ ಧೈರ್ಯ ಕೊಡುವ ವಾಕ್ಯವಾಗಿ ಒಳ್ಳೆಯದೇ; ಆದರೆ ಮದುವೆ, ಉದ್ಯೋಗ, ಊರು ಬಿಡುವುದು ಮುಂತಾದ ನಿರ್ಧಾರಗಳನ್ನು ಆ ಒಂದು ಕಾರ್ಡಿನ ಮೇಲಾಗಲಿ, ಕಣ್ಣು ಮುಚ್ಚಿ ತೆರೆದ ಪುಟದ ಮೇಲೆ ಬೆರಳಿಟ್ಟಾಗ ಸಿಕ್ಕ ವಾಕ್ಯದ ಮೇಲಾಗಲಿ ಕಟ್ಟಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

“ಬಾಗಿಲು ತಾನಾಗಿ ತೆರೆಯಿತು, ಆದ್ದರಿಂದ ಇದು ದೇವರ ಚಿತ್ತ” ಎಂಬ ಮಾತನ್ನೂ ಹಾಗೆಯೇ ಎಚ್ಚರದಿಂದ ಬಳಸಬೇಕು. ನಿನೆವೆಗೆ ಹೋಗೆಂದು ಹೇಳಿಸಿಕೊಂಡ ಯೋನನು ಯೊಪ್ಪಕ್ಕೆ ಇಳಿದು ಬಂದಾಗ, ತಾರ್ಷೀಷಿಗೆ ಹೊರಡುವ ಹಡಗು ಅಲ್ಲಿ ಸಿದ್ಧವಾಗಿಯೇ ಇತ್ತು, ಪ್ರಯಾಣದ ಹಣವೂ ಅವನ ಕೈಯಲ್ಲಿತ್ತು. ಓಡಿಹೋಗುವವನಿಗೂ ಬಾಗಿಲು ತೆರೆದಿರುತ್ತದೆ.

ಮನಸ್ಸಿನೊಳಗಿನ ಚಲನೆಗಳನ್ನು ತೂಗಿ ನೋಡುವ ವಿಧಾನವನ್ನು ಕ್ರೈಸ್ತ ಪರಂಪರೆಯಲ್ಲಿ ಬಹಳ ಸೂಕ್ಷ್ಮವಾಗಿ ಕಲಿಸಿದವರು ಸಂತ ಇಗ್ನೇಷಿಯಸ್ ಲೊಯೋಲಾ. 1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡು ಅವರು ತಿಂಗಳುಗಟ್ಟಲೆ ಮಲಗಿದ್ದರು. ಆಗ ವೀರರ ಸಾಹಸಗಳ ಕನಸು ಕಂಡಾಗಲೂ, ಸಂತರಂತೆ ಬಾಳಬೇಕೆಂದು ಯೋಚಿಸಿದಾಗಲೂ ಅವರಿಗೆ ಸಂತೋಷವಾಗುತ್ತಿತ್ತು. ಆದರೆ ಮೊದಲನೆಯ ಯೋಚನೆ ಮುಗಿದ ಮೇಲೆ ಮನಸ್ಸು ಒಣಗಿದಂತಾಗುತ್ತಿತ್ತು, ಎರಡನೆಯದು ಮುಗಿದ ಮೇಲೂ ಸಮಾಧಾನ ಉಳಿಯುತ್ತಿತ್ತು. ಈ ವ್ಯತ್ಯಾಸವನ್ನು ಗುರುತಿಸಿದಾಗಲೇ ಅವರ ಹೊಸ ಜೀವನ ಆರಂಭವಾಯಿತು. ನೀವೂ ಹೀಗೆ ಮಾಡಬಹುದು: ಒಂದು ವಾರ ಕರೆಗೆ ಒಪ್ಪಿದ್ದೇನೆಂದು ಭಾವಿಸಿಕೊಂಡು ದಿನಗಳನ್ನು ಕಳೆಯಿರಿ, ಮರುವಾರ ಒಪ್ಪಿಲ್ಲವೆಂದು ಭಾವಿಸಿಕೊಳ್ಳಿರಿ, ಪ್ರತಿ ರಾತ್ರಿ ಒಳಗೆ ಏನು ಉಳಿಯಿತೆಂದು ಎರಡು ಮಾತು ಬರೆದಿಡಿರಿ. ಭಯ ಇದ್ದರೂ ಅದರ ಅಡಿಯಲ್ಲಿ ಸಮಾಧಾನವಿದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಮೂರನೆಯ ಹೆಜ್ಜೆ: ಅಡ್ಡಿಗಳನ್ನೂ ನೆಪಗಳನ್ನೂ ಬೇರೆ ಮಾಡಿರಿ

ಉರಿಯುತ್ತಿದ್ದ ಪೊದೆಯ ಮುಂದೆ ಮೋಶೆ ಐದು ಆಕ್ಷೇಪಗಳನ್ನು ಎತ್ತಿದನು. ನಾನು ಎಷ್ಟರವನು? ನಿನ್ನ ಹೆಸರೇನೆಂದು ಅವರು ಕೇಳಿದರೆ ಏನು ಹೇಳಲಿ? ಅವರು ನನ್ನನ್ನು ನಂಬದಿದ್ದರೆ? ನನಗೆ ಮಾತು ಬಾರದು. ಕೊನೆಯದಾಗಿ, ಬೇರೆ ಯಾರನ್ನಾದರೂ ಕಳುಹಿಸು. ವಿಮೋಚನಕಾಂಡದ ಮೂರು ಮತ್ತು ನಾಲ್ಕನೆಯ ಅಧ್ಯಾಯಗಳನ್ನು ನಿಧಾನವಾಗಿ ಓದಿದರೆ, ಮೊದಲ ನಾಲ್ಕಕ್ಕೆ ದೇವರು ತಾಳ್ಮೆಯಿಂದ ಒಂದೊಂದಾಗಿ ಉತ್ತರ ಕೊಟ್ಟದ್ದು ಕಾಣುತ್ತದೆ. ಅವರು ಕೋಪಿಸಿಕೊಂಡದ್ದು ಐದನೆಯದಕ್ಕೆ ಮಾತ್ರ. ಆ ಕೋಪದಲ್ಲಿಯೂ ಅಣ್ಣನಾದ ಆರೋನನನ್ನು ಜೊತೆಗೆ ಕೊಟ್ಟರು. ನಿಮ್ಮ ಹಾಳೆಯ ಸಾಲುಗಳನ್ನು ಈ ಬೆಳಕಿನಲ್ಲಿ ನೋಡಿರಿ. ಉತ್ತರ ಸಿಕ್ಕಿದರೆ ಕರಗುವಂಥದ್ದು ಅಡ್ಡಿ, ಉತ್ತರ ಸಿಕ್ಕಿದ ಮೇಲೂ ಬೇರೊಂದು ರೂಪದಲ್ಲಿ ತಿರುಗಿ ಬರುವಂಥದ್ದು ನೆಪ.

ಈ ಮಾತಿಗೆ ನಮ್ಮ ನೆರೆಯಲ್ಲಿಯೇ ಒಂದು ಸಾಕ್ಷಿಯಿದೆ. ಕರ್ನಾಟಕದ ಎಷ್ಟೋ ಮನೆಗಳವರು ಕಷ್ಟದ ಕಾಯಿಲೆ ಬಂದಾಗ ರೈಲು ಹತ್ತಿ ಹೋಗುವ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆಯ ಹಿಂದೆ, ಮೊದಲು ಕರೆಗೆ ಬೆನ್ನು ತಿರುಗಿಸಿದ್ದ ಒಬ್ಬ ಹುಡುಗಿಯ ಕಥೆಯಿದೆ. ಐಡಾ ಸ್ಕಡರ್ 1870ರಲ್ಲಿ ಹುಟ್ಟಿದ್ದು ಮಿಷನರಿಗಳ ಮನೆತನದಲ್ಲಿ. ಬಾಲ್ಯದಲ್ಲಿ ಬರಗಾಲದ ಸಂಕಟವನ್ನು ಕಣ್ಣಾರೆ ಕಂಡಿದ್ದ ಅವರಿಗೆ ಅಮೆರಿಕದಲ್ಲಿ ನೆಮ್ಮದಿಯ ಬದುಕು ಬೇಕಾಗಿತ್ತು. ತಾನು ಮಿಷನರಿಯಾಗುವುದಿಲ್ಲವೆಂದು ನಿಶ್ಚಯಿಸಿಯೂ ಇದ್ದರು. ತಾಯಿಯ ಅಸ್ವಸ್ಥತೆಯ ಕಾರಣ ಸ್ವಲ್ಪ ಕಾಲಕ್ಕೆಂದು ತಿಂಡಿವನಕ್ಕೆ ಬಂದಿದ್ದಾಗ, ಒಂದೇ ರಾತ್ರಿಯಲ್ಲಿ ಮೂವರು ಗಂಡಸರು ಒಬ್ಬರಾದ ಮೇಲೊಬ್ಬರು ಬಾಗಿಲಿಗೆ ಬಂದು, ಹೆರಿಗೆಯ ನೋವಿನಲ್ಲಿರುವ ತಮ್ಮ ಹೆಂಡತಿಯನ್ನು ಉಳಿಸಬೇಕೆಂದು ಬೇಡಿಕೊಂಡರು. ಐಡಾ ವೈದ್ಯೆಯಾಗಿರಲಿಲ್ಲ. ವೈದ್ಯರಾಗಿದ್ದ ತಂದೆ ಬರುತ್ತಾರೆಂದರೆ, ಪರಪುರುಷನಿಂದ ಚಿಕಿತ್ಸೆ ಕೊಡಿಸಲು ಅವರು ಒಪ್ಪಲಿಲ್ಲ. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಕೊಂಡಿದ್ದರು.

ಮುಂದೆ ನಡೆದದ್ದನ್ನು ಗಮನವಿಟ್ಟು ನೋಡಬೇಕು. ಐಡಾ ಮರುದಿನವೇ ಔಷಧದ ಚೀಲ ಹಿಡಿದು ಹೊರಡಲಿಲ್ಲ. “ನನಗೆ ವೈದ್ಯಕೀಯ ಬಾರದು” ಎಂಬುದು ಅವರ ಮಟ್ಟಿಗೆ ನಿಜವಾದ ಅಡ್ಡಿಯಾಗಿತ್ತು. ಆದ್ದರಿಂದ ಅಮೆರಿಕಕ್ಕೆ ಹಿಂದಿರುಗಿ ಓದಿ, 1899ರಲ್ಲಿ ಕಾರ್ನೆಲ್ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದರು. 1900ರಲ್ಲಿ ವೆಲ್ಲೂರಿನಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯ, 1902ರಲ್ಲಿ 40 ಹಾಸಿಗೆಗಳ ಆಸ್ಪತ್ರೆ, 1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆ. ಆ ಒಂದು ರಾತ್ರಿಯಲ್ಲಿ ಒಪ್ಪಿಸಿಕೊಟ್ಟ ಚಿತ್ತವನ್ನು ಅವರು ವರ್ಷಗಟ್ಟಲೆ ಪಾಠ, ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಒಪ್ಪಿಸಬೇಕಾಯಿತು. ಕರೆ ಬಂದೊಡನೆ ಓದನ್ನು ಅರ್ಧಕ್ಕೆ ಬಿಡುವ ನಮ್ಮ ಯುವಕರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಪ್ರೀತಿಯಿಂದ ಕೇಳಿಕೊಳ್ಳುತ್ತೇನೆ.

ನಾಲ್ಕನೆಯ ಹೆಜ್ಜೆ: ಹಿರಿಯರ ಮುಂದೆಯೂ ಮನೆಯವರ ಮುಂದೆಯೂ ಇಡಿರಿ

ಅಂತಿಯೋಕ್ಯದ ಸಭೆಯವರು ಉಪವಾಸವಿದ್ದು ಪ್ರಾರ್ಥಿಸಿ, ಬಾರ್ನಬ ಮತ್ತು ಸೌಲರ ಮೇಲೆ ಕೈಗಳನ್ನಿಟ್ಟು ಕಳುಹಿಸಿಕೊಟ್ಟರು. ಸೌಲನಿಗೆ ದಮಸ್ಕದ ದಾರಿಯಲ್ಲಿ ಸ್ವತಃ ಕ್ರಿಸ್ತನ ದರ್ಶನವಾಗಿತ್ತು; ಆದರೂ ಅವನು ಸಭೆಯ ಕೈಗಳ ಕೆಳಗೆ ತಲೆಬಾಗಿಸಿದನು. ನಿಮ್ಮ ಅಯ್ಯನವರ ಬಳಿಗೂ, ನಿಮ್ಮನ್ನು ಹತ್ತು ವರ್ಷಗಳಿಂದಲಾದರೂ ಬಲ್ಲ ಇಬ್ಬರು ವಿಶ್ವಾಸಿಗಳ ಬಳಿಗೂ ಹೋಗಿ, ಆ ಹಾಳೆಯನ್ನು ತೋರಿಸಿ, “ನನ್ನಲ್ಲಿ ನೀವು ಏನು ಕಾಣುತ್ತೀರಿ?” ಎಂದು ಕೇಳಿರಿ. ನಿಮಗೆ ಹಿತವಾದದ್ದನ್ನೇ ಹೇಳುವವರನ್ನು ಆರಿಸಿಕೊಳ್ಳಬೇಡಿರಿ. ಸಭಾಪಾಲನೆಯ ಸೇವೆಗೆ ಕರೆ ಇದೆಯೆಂದು ಅನಿಸುವವರಿಗೆ ಸಭೆಯ ಶಿಫಾರಸು, ಸಂದರ್ಶನ, ದೈವಶಾಸ್ತ್ರದ ಕಲಿಕೆ ಎಂಬ ಉದ್ದನೆಯ ದಾರಿಯಿರುವುದೂ ಇದೇ ಕಾರಣಕ್ಕೆ.

ಮದುವೆಯಾದವರು ಕರೆಯನ್ನು ಒಬ್ಬರೇ ಹೊತ್ತುಕೊಂಡು ಬಂದು ಮನೆಯಲ್ಲಿ ಅಪ್ಪಣೆಯಂತೆ ಘೋಷಿಸಬಾರದು. ತಂದೆತಾಯಿಯ ವಿಷಯದಲ್ಲಿ ಯೇಸು ಸ್ವಾಮಿಯ ಒಂದು ಕಟುವಾದ ಮಾತು ಮಾರ್ಕನ ಏಳನೆಯ ಅಧ್ಯಾಯದಲ್ಲಿದೆ. ಹೆತ್ತವರಿಗೆ ಸಲ್ಲಬೇಕಾದದ್ದನ್ನು “ಇದು ಕೊರ್ಬಾನ್, ದೇವರಿಗೆ ಮೀಸಲು” ಎಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಅವರು ಕಪಟಿಗಳೆಂದು ಕರೆದರು. ತಾಯಿಯ ಮಾತ್ರೆಯ ಖರ್ಚನ್ನು ತಮ್ಮನ ತಲೆಗೆ ಕಟ್ಟಿ ಸೇವೆಗೆ ಹೊರಡುವುದು ಸಮರ್ಪಣೆಯೆನಿಸಲಾರದು.

ಇನ್ನೊಂದು ಮಾತನ್ನು ಇಲ್ಲಿ ಸ್ಪಷ್ಟವಾಗಿ ಹೇಳಲೇಬೇಕು. ನಿಮ್ಮ ಪರವಾಗಿ ದೇವರ ಚಿತ್ತವನ್ನು ತಾವೇ ಬಲ್ಲೆವೆಂದು ಹೇಳಿ, ಹಣ, ಮದುವೆ, ಆಸ್ತಿ ಇವುಗಳ ಬಗ್ಗೆ ತಕ್ಷಣ ತೀರ್ಮಾನಿಸಬೇಕೆಂದು ಒತ್ತಾಯಿಸುವವರ ಮಾತಿಗೆ ನಿಮ್ಮ ಚಿತ್ತವನ್ನು ಒಪ್ಪಿಸಬೇಡಿರಿ. ಪ್ರವಾದನೆಯನ್ನೂ ಪರೀಕ್ಷಿಸಬೇಕೆಂದು ಸತ್ಯವೇದವೇ ಹೇಳುತ್ತದೆ. ಹಾಗೆಯೇ, ಗಂಡನ ಹೊಡೆತಗಳನ್ನು ತಿನ್ನುತ್ತಿರುವ ಸಹೋದರಿಗೆ “ಇದು ನಿನ್ನ ಶಿಲುಬೆ, ದೇವರ ಚಿತ್ತವೆಂದು ಸಹಿಸಿಕೋ” ಎಂದು ಯಾರಾದರೂ ಹೇಳಿದರೆ ಅದು ಸುಳ್ಳು ಬೋಧನೆ. ಅವಳನ್ನು ಸುರಕ್ಷಿತವಾದ ಸ್ಥಳಕ್ಕೆ ಕರೆದೊಯ್ಯುವುದೇ ಆ ಹೊತ್ತಿನಲ್ಲಿ ಸಭೆಗಿರುವ ಕರೆ.

ಐದನೆಯ ಹೆಜ್ಜೆ: ಒಪ್ಪಿಸಿಕೊಡುವ ಪ್ರಾರ್ಥನೆ

ಇದಕ್ಕೆ ಒಂದು ದಿನವನ್ನು ಗೊತ್ತುಮಾಡಿಕೊಳ್ಳಿರಿ. ಆರೋಗ್ಯ ಒಪ್ಪಿದರೆ ಸಂಜೆಯವರೆಗೆ ಉಪವಾಸವಿರಬಹುದು. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು, ಗರ್ಭಿಣಿಯರು ಊಟ ಬಿಡಬಾರದು, ಬದಲಿಗೆ ಆ ದಿನ ಮೊಬೈಲನ್ನು ಮುಚ್ಚಿಟ್ಟರೆ ಸಾಕು. ಹಾಳೆಯನ್ನು ಮುಂದಿಟ್ಟುಕೊಂಡು ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ, ಪ್ರತಿಯೊಂದರ ಮೇಲೂ ಕೈಯಿಟ್ಟು, ಅದನ್ನು ಹೆಸರು ಹಿಡಿದು ಒಪ್ಪಿಸಿರಿ. “ಎಲ್ಲವನ್ನೂ ಒಪ್ಪಿಸುತ್ತೇನೆ” ಎಂಬ ಒಂದೇ ಮಾತಿನಲ್ಲಿ ನಾವು ಬಚ್ಚಿಟ್ಟುಕೊಳ್ಳುವುದು ಬಹಳ.

ಮಾತು ಸಿಗದವರು ಹೀಗೆ ಪ್ರಾರ್ಥಿಸಬಹುದು: “ತಂದೆಯೇ, ನನಗೆ ಇದು ಬೇಕಾಗಿದೆ, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ನೀನು ಕೊಟ್ಟರೆ ಕೃತಜ್ಞತೆಯಿಂದ ತೆಗೆದುಕೊಳ್ಳುವೆನು. ಕೊಡದಿದ್ದರೆ ನನ್ನನ್ನು ಕೈಬಿಡಬೇಡ. ನಿನಗೆ ಬೇಕಾದದ್ದನ್ನು ಬಯಸುವ ಮನಸ್ಸು ನನ್ನಲ್ಲಿ ಇನ್ನೂ ಇಲ್ಲ. ಆ ಮನಸ್ಸನ್ನೂ ನೀನೇ ಕೊಡು.” ಕೊನೆಯ ಮಾತು ಅಧೈರ್ಯದ್ದಲ್ಲ. ಉದ್ದೇಶವನ್ನೂ ಪ್ರಯತ್ನವನ್ನೂ ನಮ್ಮೊಳಗೆ ಉಂಟುಮಾಡುವವರು ದೇವರೇ ಎಂದು ಪೌಲನು ಫಿಲಿಪ್ಪಿಯವರಿಗೆ ಬರೆದಿದ್ದಾನೆ. ಮೆಥಡಿಸ್ಟ್ ಪರಂಪರೆಯವರು ಜಾನ್ ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ಒಡಂಬಡಿಕೆಯ ಆರಾಧನೆಯನ್ನು ಇಂದಿಗೂ ವರ್ಷಕ್ಕೊಮ್ಮೆ ನಡೆಸುತ್ತಾರೆ. ಕೆಲಸ ಕೊಟ್ಟರೂ ಸರಿ, ಬದಿಗಿಟ್ಟರೂ ಸರಿ ಎಂದು ಸಭೆಯೆಲ್ಲ ಕೂಡಿ ಅದರಲ್ಲಿ ಪ್ರಾರ್ಥಿಸುತ್ತದೆ. ಒಬ್ಬರೇ ಪ್ರಾರ್ಥಿಸಲು ಭಾರವಾದರೆ ಅಂಥ ಆರಾಧನೆಯಲ್ಲಿ ಸೇರಿಕೊಳ್ಳಿರಿ.

ಕಣ್ಣೀರು ಬರಬೇಕೆಂದಿಲ್ಲ, ಏನಾದರೂ ಅನುಭವವಾಗಬೇಕೆಂದೂ ಇಲ್ಲ.

ಆರನೆಯ ಹೆಜ್ಜೆ: ಲೆಕ್ಕ ಹಾಕಿ ಹೊರಡಿರಿ

ಯೆರೂಸಲೇಮಿನ ಗೋಡೆ ಬಿದ್ದಿರುವ ಸುದ್ದಿ ನೆಹೆಮೀಯನಿಗೆ ಮುಟ್ಟಿದ್ದು ಕಿಸ್ಲೇವ್ ತಿಂಗಳಲ್ಲಿ. ಅವನು ಅರಸನ ಮುಂದೆ ಬಾಯಿ ತೆರೆದದ್ದು ನೀಸಾನ್ ತಿಂಗಳಲ್ಲಿ. ನಡುವೆ ಸುಮಾರು ನಾಲ್ಕು ತಿಂಗಳು ಪ್ರಾರ್ಥನೆ. ಆದರೆ ಏನು ಬೇಕೆಂದು ಅರಸನು ಕೇಳಿದೊಡನೆ, ಎಷ್ಟು ಕಾಲ ಬೇಕು, ಯಾವ ಅಧಿಪತಿಗಳಿಗೆ ಪತ್ರ ಬೇಕು, ಮರಕ್ಕಾಗಿ ಅರಣ್ಯಪಾಲಕನಾದ ಆಸಾಫನಿಗೆ ಏನು ಬರೆಯಿಸಬೇಕು ಎಂಬುದೆಲ್ಲ ಅವನ ನಾಲಿಗೆಯ ಮೇಲಿತ್ತು. ಪ್ರಾರ್ಥಿಸುತ್ತಲೇ ಲೆಕ್ಕವನ್ನೂ ಹಾಕಿದ್ದನೆಂದು ಇದರಿಂದ ತಿಳಿಯುತ್ತದೆ. ನೀವೂ ತೀರಿಸಬೇಕಾದ ಸಾಲ, ಮಕ್ಕಳ ಶಾಲೆಯ ಶುಲ್ಕ, ಮನೆ ನಡೆಸಲು ತಿಂಗಳಿಗೆ ಬೇಕಾಗುವ ಹಣ ಇವನ್ನು ಬರೆದುಕೊಳ್ಳಿರಿ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಮಾಡಬೇಕೆಂದು ಹೇಳಿದವರು ಯೇಸು ಸ್ವಾಮಿಯೇ. ಆಮೇಲೆ ಈ ವಾರವೇ ಮಾಡಬಹುದಾದ ಒಂದು ಚಿಕ್ಕ ಕೆಲಸವನ್ನು ಮಾಡಿರಿ: ಹೋಗಬೇಕಾದ ಊರನ್ನು ಎರಡು ದಿನ ನೋಡಿ ಬರುವುದು, ಅರ್ಜಿ ತರಿಸುವುದು, ಆಸ್ಪತ್ರೆಯ ರೋಗಿಗಳನ್ನು ಶನಿವಾರ ಭೇಟಿಯಾಗುವುದು.

ಚಿತ್ತವು ಹಿಂದಿರುಗಿ ಬಂದಾಗ

ಅದು ಬಂದೇ ಬರುತ್ತದೆ. ಒಪ್ಪಿಸಿದ ಆರನೆಯ ತಿಂಗಳಿಗೋ ಎರಡನೆಯ ವರ್ಷಕ್ಕೋ, ಸುಸ್ತಾದ ಒಂದು ಮಧ್ಯಾಹ್ನ, ಹಳೆಯ ಬಯಕೆ ಮೊದಲಿನಷ್ಟೇ ಬಲವಾಗಿ ಎದುರಿಗೆ ನಿಲ್ಲುತ್ತದೆ. ಆಗ ನಿಮ್ಮ ಸಮರ್ಪಣೆ ಸುಳ್ಳಾಗಿತ್ತೆಂದು ತಿಳಿಯಬೇಡಿರಿ. ಗೆತ್ಸೇಮನೆಯಲ್ಲಿ ಎರಡನೆಯ, ಮೂರನೆಯ ಪ್ರಾರ್ಥನೆಗಳೂ ಬೇಕಾದವು. ಮನಸ್ಸು ಕತ್ತಲಲ್ಲಿರುವಾಗ, ಬೆಳಕಿನಲ್ಲಿ ಮಾಡಿದ ನಿರ್ಧಾರವನ್ನು ಬದಲಿಸಬಾರದೆಂಬುದು ಇಗ್ನೇಷಿಯಸರ ಬೋಧನೆ. ಅದನ್ನು ನಾನು ಅನುಭವದಿಂದ ಒಪ್ಪುತ್ತೇನೆ. ಕತ್ತಲು ಸರಿಯಲಿ, ಊಟ ನಿದ್ರೆ ಸರಿಯಾಗಲಿ, ಆಮೇಲೆ ಹಿರಿಯರೊಡನೆ ಕುಳಿತು ಯೋಚಿಸಿರಿ.

ಕೆಲವು ಸಲ ಬಾಗಿಲು ನಿಜವಾಗಿಯೂ ಮುಚ್ಚಿಹೋಗುತ್ತದೆ. ಪೌಲನಿಗೆ ಆಸ್ಯ ಸೀಮೆಯಲ್ಲಿ ವಾಕ್ಯ ಸಾರಲು ಅಪ್ಪಣೆಯಾಗಲಿಲ್ಲ, ಬಿಥೂನ್ಯಕ್ಕೆ ಹೋಗಲೂ ಆಗಲಿಲ್ಲ. ತ್ರೋವದ ಸಮುದ್ರತೀರಕ್ಕೆ ಬಂದ ಮೇಲೆಯೇ ಮಕೆದೋನ್ಯದ ಮನುಷ್ಯನು ಅವನಿಗೆ ದರ್ಶನದಲ್ಲಿ ಕಾಣಿಸಿದನು. ಒಳ್ಳೆಯ ಉದ್ದೇಶದ ಎರಡು ಯೋಜನೆಗಳನ್ನು ಅವನು ಆ ದಾರಿಯಲ್ಲಿ ಕೈಬಿಡಬೇಕಾಯಿತು. ನೀವು ಸೇವೆಗೆಂದು ಹೊರಟ ಜಾಗ ಸಿಗದೆ ಹೋದರೆ, ಆ ಸೇವೆಯ ಬಯಕೆಯೂ ಹಾಳೆಯ ಮೇಲೆ ಬರೆದು ಒಪ್ಪಿಸಬೇಕಾದ ಒಂದು ಸಾಲೇ.

ಆರು ತಿಂಗಳಿಗೊಮ್ಮೆ ಆ ಹಾಳೆಯನ್ನು ತೆರೆದು, ಪ್ರತಿ ಸಾಲಿನ ಪಕ್ಕದಲ್ಲಿ ಏನಾಯಿತೆಂದು ಬರೆಯಿರಿ. ನನ್ನ ಕ್ಯಾಲೆಂಡರ್ ಹಾಳೆಯಲ್ಲಿ ಮನೆಯ ಪಕ್ಕದಲ್ಲಿ “ಬಾಡಿಗೆಗೆ ಕೊಟ್ಟೆವು” ಎಂದೂ, ಶಾಲೆಯ ಪಕ್ಕದಲ್ಲಿ “ಅಲ್ಲಿಯೇ ಎಸ್ಸೆಸ್ಸೆಲ್ಸಿ ಮುಗಿಸಿದಳು” ಎಂದೂ, ನೀರಿನ ಪಕ್ಕದಲ್ಲಿ “ಎರಡು ಬೇಸಿಗೆ ಕಷ್ಟವಾಯಿತು, ಮೂರನೆಯ ವರ್ಷ ಕೊಳವೆಬಾವಿ” ಎಂದೂ ಹೆಂಡತಿಯ ಅಕ್ಷರದಲ್ಲಿದೆ. ನಾಲ್ಕನೆಯ ಸಾಲಿನ ಪಕ್ಕದಲ್ಲಿ ಇನ್ನೂ ಏನೂ ಬರೆದಿಲ್ಲ. ಪ್ರತಿ ವರ್ಷದ ಕೊನೆಯ ರಾತ್ರಿ ಆರಾಧನೆಗೆ ಹೊರಡುವ ಮೊದಲು ಆ ಸಾಲನ್ನು ಓದಿ, ಅದರ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಹಾಳೆಯನ್ನು ಮಡಚಿ ಮತ್ತೆ ಸತ್ಯವೇದದೊಳಗೆ ಇಡುತ್ತೇನೆ.